ಕುಚ್ಚಿಯ ಬಾಲಕ್ಕೆ ಕಟ್ಟಿದ ಹುರಿ

ನಾನು ಚಿಕ್ಕವನಿದ್ದಾಗ ಒಂದು ಕರುವಿನ ಸೊಟ್ಟ ಬಾಲವನ್ನು ನೆಟ್ಟಗೆ ಮಾಡಲು ಹೋಗಿ ಕೆಡಿಸಿಬಿಟ್ಟೆ. ಕರು ನನ್ನದಾಗಿರಲಿಲ್ಲ, ಅಕ್ಕನದು. ಕೆಡಿಸಿದವನು ನಾನು ಎಂದು ಯಾರಿಗೂ ಹೇಳಲಿಲ್ಲ. ಬೈಸಿಕೊಂಡವಳು ಅಕ್ಕ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ. ಇಲ್ಲದಿದ್ದರೆ ನಡುವೆ ಎಲ್ಲಾದರೂ ಧೈರ್ಯ ಕೆಟ್ಟು ಮಾತನ್ನು ಬೇರೆ ಕಡೆಗೆ ತಿರುಗಿಸಿಬಿಡುತ್ತೇನೆ. ಐವತ್ತು ವರ್ಷಕ್ಕೂ ಮೇಲೆ ಹಾಗೆ ತಿರುಗಿಸಿಕೊಂಡೇ ಬಂದಿದ್ದೇನೆ.

ಆ ಮಾತು ಈಗ ಹೊರಗೆ ಬಂದದ್ದು ಒಂದು ಬೆಕ್ಕಿನ ಮರಿಯಿಂದ. ಹೋದ ತಿಂಗಳು ನನ್ನ ಮೊಮ್ಮಗ ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನಿಂದ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದ. ಬೂದು ಬಣ್ಣದ ಮರಿ. ಬಾಲದ ತುದಿ ಮಾತ್ರ ಕೊಕ್ಕೆಯ ಹಾಗೆ ಮಡಚಿಕೊಂಡಿತ್ತು. ದನದ ಆಸ್ಪತ್ರೆಯ ಡಾಕ್ಟರು ನೋಡಿ, ಇದು ಹುಟ್ಟಿನಿಂದಲೇ ಹೀಗೆ, ನೋವಿಲ್ಲ, ಹಾಗೇ ಇರಲಿ ಎಂದರಂತೆ. ಮೊಮ್ಮಗನಿಗೆ ಮಾತ್ರ ಸಮಾಧಾನವಿಲ್ಲ. ಒಂದು ಭಾನುವಾರ ಐಸ್‌ಕ್ರೀಮ್ ಕಡ್ಡಿ, ಟೇಪು ಎರಡನ್ನೂ ಹಿಡಿದುಕೊಂಡು ಮರಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ.

ಅದನ್ನು ಕಂಡ ಕೂಡಲೇ ನಾನು ಎದ್ದು ನಿಂತು ಕೂಗಿಬಿಟ್ಟೆ. "ಬುಡು ಅದನ್ನ. ಮುಟ್ಬ್ಯಾಡ." ಅವನ ಕೈಯಿಂದ ಕಡ್ಡಿ ಬಿತ್ತು. ಮರಿ ಮಂಚದ ಕೆಳಗೆ ಓಡಿತು. ಆ ಮಕ್ಕಳ ಮೇಲೆ ನಾನು ಎಂದೂ ದನಿ ಎತ್ತಿದವನಲ್ಲ. ಹೋಂವರ್ಕ್ ಬರೆಯುತ್ತಿದ್ದ ಮೊಮ್ಮಗಳು ತಲೆಯೆತ್ತಿ, "ತಾತ, ಯಾಕ್ ಹಂಗ್ ಕೂಗ್ದೆ?" ಎಂದು ಕೇಳಿದಳು. ಆವತ್ತು ಅವರಿಬ್ಬರಿಗೆ ಹೇಳಿದ್ದನ್ನೇ ಈಗ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದ ಕಡೆ ಮೊಮ್ಮಗಳು ತಿದ್ದಿಕೊಟ್ಟಿದ್ದಾಳೆ.

ನಮ್ಮ ಊರು ಕೋಡಿಹಳ್ಳಿಯ ಕಡೆ. ಅಪ್ಪನಿಗೆ ಒಂದು ಕುರಿಮಂದೆ, ಸ್ವಲ್ಪ ರಾಗಿ ಹೊಲ, ಒಂದು ನಾಟಿ ಹಸು ಇದ್ದವು. ಮನೆಯೊಳಗೆ ಯಾವಾಗಲೂ ಕುರಿಯ ಉಣ್ಣೆಯ ವಾಸನೆ, ಬೇಯುವ ಹುರುಳಿಯ ವಾಸನೆ. ಮನೆಗೆ ಅಂಟಿಕೊಂಡೇ ಕೊಟ್ಟಿಗೆ. ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ನಾನು ಅಪ್ಪನ ಜೊತೆ ಕುರಿಯ ಹಿಂದೆ ಹೋದರೆ ಅಕ್ಕ ಹಸುವಿನ ಹಿಂದೆ. ಹುಲ್ಲು ಕೊಯ್ಯುವುದು, ಮೈ ತಿಕ್ಕುವುದು, ಉಣ್ಣೆಹುಳು ಕೀಳುವುದು ಎಲ್ಲ ಅವಳೇ. ಕೊಟ್ಟಿಗೆಯಲ್ಲಿ ಅವಳು ಮಾತಾಡುತ್ತಿರುವುದು ಕೇಳಿದರೆ ಒಳಗೆ ಯಾರೋ ನೆಂಟರು ಬಂದಿದ್ದಾರೆ ಅನ್ನಿಸುತ್ತಿತ್ತು.

ನಮ್ಮ ಕಡೆ ಹೆಣ್ಣುಮಗಳು ಮದುವೆಯಾಗಿ ಹೋಗುವಾಗ ತವರಿನಿಂದ ಒಂದು ಹಸುವನ್ನು ಜೊತೆಗೆ ಕಳಿಸುತ್ತಿದ್ದರು. ಅದಕ್ಕೆ ಬಳುವಳಿ ಹಸು ಎಂದು ಹೆಸರು. ನಮ್ಮ ಹಸು ಗಬ್ಬವಾದಾಗ ಅಪ್ಪ ಅಕ್ಕನಿಗೆ, "ಹೆಣ್ಗರ ಆದ್ರೆ ನಿಂದೇ ಕಣವ್ವ. ಬೆಳುಸ್ಕೊ, ಗಂಡನ್ ಮನೇಗೆ ಹೊಡ್ಕೊಂಡೋಗು" ಎಂದಿದ್ದ. ಸುಗ್ಗಿ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ ಹಸು ಕರು ಹಾಕಿತು. ಹೆಣ್ಣುಗರು. ಅಕ್ಕ ಅದರ ಮೂಗು, ಕಿವಿ ಒರೆಸುತ್ತಾ ಒರೆಸುತ್ತಾ ಹಿಂದಕ್ಕೆ ಬಂದವಳು ಬಾಲದ ಹತ್ತಿರ ಕೈ ನಿಲ್ಲಿಸಿದಳು.

ಬಾಲದ ತುದಿಯಿಂದ ನಾಲ್ಕು ಬೆರಳು ಮೇಲೆ ಮೂಳೆ ಪಕ್ಕಕ್ಕೆ ತಿರುಗಿತ್ತು. ಹುಣಸೆಕಾಯಿ ನಡುವಿನಲ್ಲಿ ಸೊಟ್ಟಗೆ ಬಾಗಿರುತ್ತದಲ್ಲ, ಹಾಗೆ. ಕರು ಬಾಲ ಎತ್ತಿದರೆ ತುದಿ ಮಾತ್ರ ಎಡಕ್ಕೆ ನೋಡುತ್ತಿತ್ತು.

ಪಕ್ಕದ ಮನೆಯ ದೊಡ್ಡವ್ವ ಗಿಣ್ಣುಹಾಲಿಗೆ ಚೊಂಬು ಹಿಡಿದು ಬಂದವಳು ಮೊದಲು ನೋಡಿದ್ದು ಅದನ್ನೇ. "ಅಯ್ಯೋ ಶಿವನೆ, ಇಂಥಾ ಬಾಲದ್ದ ಬೀಗ್ರ ಬಾಗ್ಲಿಗೆ ಹೊಡ್ಕೊಂಡೋದ್ರೆ ಅವ್ರು ಕರೂಗೆ ಹುಲ್ಲಾಕ್ತಾರೋ, ನಮ್ ಮುಖಕ್ಕೆ ಉಗೀತಾರೋ" ಎಂದಳು.

ಅಕ್ಕ ತಲೆಯೆತ್ತದೆ ಹೇಳಿದಳು: "ನಿನ್ ಮೂಗೂ ಒಸಿ ಸೊಟ್ಟಗೈತೆ ದೊಡ್ಡವ್ವ. ದೊಡ್ಡಪ್ಪ ಬ್ಯಾಡ ಅಂದ್ನಾ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ನಗಲಿಲ್ಲ. ದನದ ಮೈಮೇಲಿನ ಕೂದಲ ಸುಳಿ ನೋಡಿ ಇದು ಮನೆಗೆ ಒಳ್ಳೆಯದು, ಇದು ಕೆಟ್ಟದ್ದು ಎಂದು ಹೇಳುವ ಒಬ್ಬರು ಮುದುಕರು ಆಗ ಸುತ್ತಲ ಹಳ್ಳಿಗಳಲ್ಲಿ ಓಡಾಡುತ್ತಿದ್ದರು. ನಾವು ಅವರನ್ನು ಸುಳಿತಾತ ಎನ್ನುತ್ತಿದ್ದೆವು. ಅಪ್ಪ ಅವರನ್ನು ಕರೆತಂದ. ಅವರು ಕರುವಿನ ಬೆನ್ನು, ಹಣೆ, ಎದೆ ಎಲ್ಲ ಸವರಿದರು. ಬಾಲಕ್ಕೆ ಬಂದಾಗ ತುಟಿ ಮುಂದೆ ಮಾಡಿದರು. "ಸುಳಿ ಎಲ್ಲಾ ಸರ್ಯಾಗವೆ. ಬಾಲ ಒಂದು ಅನುಮಾನ. ಎಳೇ ಮೂಳೆ, ಬೆಳೀತಾ ನೆಟ್ಟಗಾದ್ರೂ ಆದೀತು. ರಾಗಿ ಬಿತ್ನೆ ಮುಗುದ್ ಮೇಕೆ ಬತ್ತೀನಿ. ನೆಟ್ಟಗಿದ್ರೆ ಮಡೀಕಳಿ. ಇಲ್ದಿದ್ರೆ ಸಂತೇಗೆ ಹೊಡೀರಿ" ಎಂದು ಎದ್ದರು. ಅಪ್ಪ ಆಯಿತು ಎಂದ. ಅವನು ಒಮ್ಮೆ ಆಯಿತು ಎಂದರೆ ಅದೇ ಕೊನೆ.

ಅಂದಿನಿಂದ ಅಕ್ಕನಿಗೆ ಬೇರೆ ಯೋಚನೆಯೇ ಇಲ್ಲ. ಕರುವಿನ ಬಾಲದ ತುದಿಯಲ್ಲಿ ಕಪ್ಪು ಕೂದಲು ದಟ್ಟವಾಗಿ ಬರತೊಡಗಿತ್ತು. ಅದಕ್ಕೇ ಅವಳು ಕುಚ್ಚಿ ಎಂದು ಹೆಸರಿಟ್ಟಳು. ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ, ತಿರುಗಿದ ಮೂಳೆಯ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದಳು. ಕುಚ್ಚಿ ಕಣ್ಣು ಅರೆ ಮುಚ್ಚಿ ಅವಳ ಹೆಗಲ ಮೇಲೆ ಗದ್ದ ಇಟ್ಟುಕೊಳ್ಳುತ್ತಿತ್ತು. ಮೊದಲೆಲ್ಲ ಅಕ್ಕ ನನಗೆಂದು ಉಳಿಸುತ್ತಿದ್ದ ಬೆಲ್ಲದ ಚೂರು ಈಗ ಕುಚ್ಚಿಯ ಬಾಯಿಗೆ ಹೋಗುತ್ತಿತ್ತು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಲ್ಲಕ್ಕಿಂತ ಹೆಚ್ಚಾಗಿ, ಅಕ್ಕ ನನ್ನ ಕಡೆ ತಿರುಗಿ ಒಮ್ಮೆಯಾದರೂ ಭೇಷ್ ಅನ್ನಬೇಕು ಎಂದು ಆಸೆ.

ಅದೇ ದಿನಗಳಲ್ಲಿ ಒಂದು ಕುರಿಮರಿ ಕಲ್ಲುಸಂದಿಯಲ್ಲಿ ಸಿಕ್ಕಿ ಕಾಲು ಮುರಿದುಕೊಂಡಿತು. ಅಪ್ಪ ಬಿದಿರು ಸೀಳಿ ಬೆರಳುದ್ದದ ತೆಳ್ಳನೆಯ ದಬ್ಬೆಗಳನ್ನು ಮಾಡಿದ. ಮರಿಯ ಕಾಲಿಗೆ ಹಳೆಯ ಬಟ್ಟೆ ಸುತ್ತಿ, ಅದರ ಮೇಲೆ ಸುತ್ತಲೂ ದಬ್ಬೆ ಜೋಡಿಸಿ, ದಾರದಿಂದ ಕಟ್ಟಿದ. ದಿನಾ ಕಟ್ಟಿನ ಸಂದಿಗೆ ಕಿರುಬೆರಳು ತೂರಿಸಿ ನೋಡುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಮೂರು ವಾರಕ್ಕೆ ಕಟ್ಟು ಬಿಚ್ಚಿದಾಗ ಮರಿ ನೆಟ್ಟಗೆ ನಿಂತು, ಒಮ್ಮೆ ಮೈ ಕೊಡವಿ ತಾಯಿಯ ಕಡೆ ಓಡಿತು. ನನ್ನ ಕಣ್ಣು ಮರಿಯ ಕಾಲಿನ ಮೇಲಿತ್ತು, ತಲೆ ಮಾತ್ರ ಕೊಟ್ಟಿಗೆಗೆ ಓಡಿತ್ತು. ಕಾಲು ನೆಟ್ಟಗಾಗುವುದಾದರೆ ಬಾಲ ಯಾಕಾಗಬಾರದು?

ಈಗ ಆ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ಹೆಣ್ಣುಮಕ್ಕಳು ತಿಂಗಳಲ್ಲಿ ಮೂರು ದಿನ ಹೊರಗೆ ಕೂರಬೇಕಿತ್ತು. ಜಗಲಿಯ ಮೂಲೆಯಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಅಡುಗೆಮನೆಗೆ ಹೋಗುವಂತಿಲ್ಲ, ಕೊಟ್ಟಿಗೆಗೆ ಕಾಲಿಡುವಂತಿಲ್ಲ. ಕಾಲಿಟ್ಟರೆ ದನಕ್ಕೆ ಕೆಡುಕಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಅಕ್ಕನಿಗೆ ಅದು ಇನ್ನೂ ಹೊಸದು. ಬಿತ್ತನೆಗೆ ಮುಂಚಿನ ಒಂದು ಬೆಳಿಗ್ಗೆ ಅವಳು ಜಗಲಿಯ ಮೂಲೆಯಿಂದ ನನ್ನನ್ನು ಕರೆದಳು.

"ಲೋ, ಮೂರ್ ದಿನ ನಾನು ಕೊಟ್ಟಿಗೆ ಕಡೆ ಬರಂಗಿಲ್ಲ. ಕುಚ್ಚಿ ನಿನ್ ಮೇಲೈತೆ. ಬಾಲಕ್ಕೆ ಎಣ್ಣೆ ಸವರು. ಎಳೀಬ್ಯಾಡ."

"ಗೊತ್ತು ಬುಡು."

"ಏನ್ ಗೊತ್ತು? ಹೇಳು ನೋಡಾನ."

"ಎಳೀಬಾರ್ದು. ಸವರ್ಬೇಕು."

"ಹೂಂ. ಜಾಣ" ಎಂದಳು.

ಆ ದಿನ ಮಧ್ಯಾಹ್ನ ಅವ್ವ ಹೊಲಕ್ಕೆ ಹೋಗಿದ್ದಳು. ಅಕ್ಕ ಜಗಲಿಯಲ್ಲಿ ಪೊರಕೆಗೆ ತೆಂಗಿನ ಕಡ್ಡಿ ಹೆರೆಯುತ್ತಿದ್ದಳು. ನಾನು ಕುರಿಮರಿಯ ಕಾಲಿನಿಂದ ಬಿಚ್ಚಿದ ದಬ್ಬೆಗಳನ್ನು ಸೂರಿನ ಸಂದಿಯಿಂದ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಬಟ್ಟೆ ಸುತ್ತಬೇಕು ಎಂಬುದು ನೆನಪಿಗೆ ಬರಲಿಲ್ಲ. ದಾರವೂ ಸಿಗಲಿಲ್ಲ. ಮೊಳೆಯಲ್ಲಿ ಅಪ್ಪ ಹೊಸೆದಿಟ್ಟಿದ್ದ ಕತ್ತಾಳೆ ನಾರಿನ ಹುರಿ ಇತ್ತು. ಎಣ್ಣೆ ಸವರಿದೆ. ಆಮೇಲೆ ಎಳೆದೆ. ಕುಚ್ಚಿ ಹಿಂಗಾಲು ಝಾಡಿಸಿತು, ನಾನು ಬಿಡಲಿಲ್ಲ. ಎರಡು ದಬ್ಬೆಯ ನಡುವೆ ಬಾಲ ನೆಟ್ಟಗೆ ಕೂತಿತು. ಸಡಿಲವಾದರೆ ಮತ್ತೆ ತಿರುಗಿಬಿಡುತ್ತದೆ ಎಂದು ಹಲ್ಲು ಕಚ್ಚಿ ಹುರಿ ಬಿಗಿದೆ, ಗಂಟಿನ ಮೇಲೆ ಗಂಟು ಹಾಕಿದೆ. ಕುಚ್ಚಿನ ಕೂದಲನ್ನು ಮೇಲಕ್ಕೆ ಬಾಚಿ ಎಲ್ಲವನ್ನೂ ಮುಚ್ಚಿದೆ. ಅಕ್ಕ ಒಳಗೆ ಬರುವ ಹೊತ್ತಿಗೆ ಬಿಚ್ಚಿ ತೋರಿಸಬೇಕು, ಅವಳು ದಂಗಾಗಬೇಕು, ಅಷ್ಟೇ ನನ್ನ ಲೆಕ್ಕ.

ಮರುದಿನ ಬೆಳಗಾಗುತ್ತಿದ್ದಂತೆ ಅಪ್ಪ ನನ್ನನ್ನು ಎಬ್ಬಿಸಿದ. ಬಿತ್ತನೆಗೆ ಮುಂಚೆ ರೈತರು ತಮ್ಮ ಹೊಲದಲ್ಲಿ ಕುರಿಮಂದೆಯನ್ನು ಕೆಲವು ದಿನ ತಂಗಿಸಿಕೊಳ್ಳುತ್ತಿದ್ದರು. ಕುರಿಯ ಹಿಕ್ಕೆ, ಗಂಜಲ ಬಿದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಅಪ್ಪನ ಜೊತೆ ಹೋಗಬೇಕಾದವನಿಗೆ ಜ್ವರ ಬಂದಿತ್ತು. "ಒಂದಿನದ ಮಟ್ಟಿಗೆ ಬಾರ್ಲಾ" ಎಂದ ಅಪ್ಪ. ನಾನು ಕೊಟ್ಟಿಗೆಯ ಕಡೆ ನೋಡಿದೆ. ಒಂದೇ ದಿನವಲ್ಲವೇ ಎಂದು ಹೊರಟೆ.

ಒಂದು ದಿನ ನಾಲ್ಕಾಯಿತು. ಹೊಲ ಹಳ್ಳದ ಆಚೆ ದಿಬ್ಬದ ಮೇಲಿತ್ತು. ಅಲ್ಲಿಂದ ನಮ್ಮ ಮನೆಯ ಹೊಗೆ ಕಾಣುತ್ತಿತ್ತು. ಮೊದಲ ಸಂಜೆಯೇ ಮಳೆ ಹಿಡಿಯಿತು. ಕಂಬಳಿಯನ್ನು ತಲೆಯ ಮೇಲಿಂದ ಗೊಪ್ಪೆ ಹಾಕಿಕೊಂಡು ಕುರಿಗಳ ನಡುವೆ ನಿಂತರೆ ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಜಾಗ ಬದಲಿಸಲು ಅಪ್ಪ ಕುರಿ ಕೂಡುವ ರೊಪ್ಪದ ಗೂಟಗಳಿಗೆ ಕಟ್ಟಿದ್ದ ಹುರಿ ಬಿಚ್ಚಲು ಕೂತ. ಬಿಚ್ಚಲಾಗಲಿಲ್ಲ. ಉಗುರು ಹಾಕಿದ, ಹಲ್ಲು ಹಾಕಿದ. ಆಮೇಲೆ ನಗುತ್ತಾ ನನಗೆ ತೋರಿಸಿದ. "ನೋಡ್ಲಾ, ನೀರ್ ಕುಡುದ್ರೆ ಕತ್ತಾಳೆ ಹೆಂಗ್ ಕಚ್ಕತದೆ. ಗೂಟಾನೇ ಕುಯ್ದದೆ."

ಗೂಟದ ಮೇಲೆ ಹುರಿ ಊರಿ ಹಳ್ಳ ಬಿದ್ದಿತ್ತು. ನನಗೆ ಕುಚ್ಚಿಯ ಬಾಲ ನೆನಪಾಯಿತು. ನಮ್ಮ ಕೊಟ್ಟಿಗೆಯ ಸೂರು ಸೋರುತ್ತಿತ್ತು. ಸೋರದಿದ್ದರೂ ಕರುವಿನ ಬಾಲ ಗಂಜಲದಲ್ಲಿ ನೆನೆಯದೆ ಇರುತ್ತದೆಯೇ?

ಅಂದಿನಿಂದ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ದಿಬ್ಬದ ಅಂಚಿಗೆ ಹೋಗುತ್ತಿದ್ದೆ, ಮನೆಯ ಹೊಗೆ ನೋಡುತ್ತಿದ್ದೆ, ತಿರುಗಿ ಬರುತ್ತಿದ್ದೆ. ಕುರಿ ಎಣಿಸಲು ಹೋದರೆ ಅರ್ಧಕ್ಕೇ ಎಣಿಕೆ ತಪ್ಪುತ್ತಿತ್ತು.  ಎರಡನೆಯ ದಿನ ಮಧ್ಯಾಹ್ನ ಅಪ್ಪನ ಹತ್ತಿರ ಹೋದೆ.

"ಅಪ್ಪ, ಮನೇಗೋಗ್ ಬತ್ತೀನಿ."

"ಯಾಕ್ಲಾ?"

"ಸುಮ್ಕೆ."

"ಸುಮ್ಕೆ ಹೋಗಕ್ಕೆ ಮನೇಲೇನ್ ಹೋಳ್ಗೆ ಮಾಡವ್ರಾ? ಕುರಿ ಕಡೆ ನೋಡು" ಎಂದು ಅಪ್ಪ ಬೀಡಿ ಹಚ್ಚಿದ.

ಮಕ್ಕಳೇ, ನಾನು ತಪ್ಪಿದ ಜಾಗ ಇದು. ಹುರಿ ಕಟ್ಟಿದ್ದು ತಿಳಿಯದ ಕೆಲಸ. ಆದರೆ ಅಪ್ಪ ಯಾಕ್ಲಾ ಎಂದು ಕೇಳಿದಾಗ ನನಗೆ ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅಪ್ಪ ಎರಡು ಏಟು ಹಾಕುತ್ತಿದ್ದ, ಆಮೇಲೆ ಕುಡುಗೋಲು ತೆಗೆದುಕೊಂಡು ಮನೆಗೆ ಓಡುತ್ತಿದ್ದ. ಬಾಲ ಉಳಿಯುತ್ತಿತ್ತೇನೋ. ನಾನು ಏಟಿಗೆ ಹೆದರಿ ಸುಮ್ಮನೆ ಎಂದೆ. ಹಳ್ಳ ದಾಟಿ ಓಡಿಹೋಗಬಹುದಿತ್ತು, ಅದನ್ನೂ ಮಾಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ಮನೆಗೆ ಬಂದೆವು. ಅಪ್ಪ ಕಂಬಳಿ ಕೊಡವುತ್ತಿದ್ದಾಗ ನಾನು ನೇರ ಕೊಟ್ಟಿಗೆಗೆ ಓಡಿದೆ. ಕುಚ್ಚಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಬಾಲದ ಮೇಲೆ ದಬ್ಬೆಯೂ ಇರಲಿಲ್ಲ, ಹುರಿಯೂ ಇರಲಿಲ್ಲ. ತಿರುಗಿದ ಮೂಳೆಯ ಜಾಗದಲ್ಲಿ ಸುತ್ತಲೂ ಒಂದು ಕೆಂಪು ಗೆರೆ, ಅದರ ಕೆಳಗೆ ಎಲ್ಲ ಕಪ್ಪು. ನೊಣ ಮುತ್ತಿದ್ದವು. ಮುಟ್ಟಿ ನೋಡಿದೆ. ತಣ್ಣಗಿತ್ತು. ಬದುಕಿರುವ ಪ್ರಾಣಿಯ ಮೈ ಅಷ್ಟು ತಣ್ಣಗಿರುವುದನ್ನು ನಾನು ಮೊದಲು ಕಂಡಿರಲಿಲ್ಲ. ಕಟ್ಟು ಎಲ್ಲೋ ತಾನೇ ಕಳಚಿ ಬಿದ್ದಿರಬೇಕು ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗ ನನಗೆ ಮೊದಲು ಆದದ್ದು ದುಃಖವಲ್ಲ. ಸದ್ಯ, ಕಟ್ಟು ಕಾಣುತ್ತಿಲ್ಲವಲ್ಲ ಎಂಬ ನಿರಾಳ.

ಹೊರಗೆ ದೊಡ್ಡವ್ವನ ಗಂಟಲು ಕೇಳಿಸಿತು. "ನಾನ್ ಕಣ್ಣಾರೆ ಕಂಡಿವ್ನಿ. ಮೂರ್ ದಿನ ತುಂಬಿರ್ಲಿಲ್ಲ, ನಿನ್ ಮಗಳು ಕೊಟ್ಟಿಗೆಯಿಂದ ಈಚೆಗೆ ಬತ್ತಾವ್ಳೆ. ಆವತ್ತಿಂದ್ಲೇ ಬಾಲ ಕೊಳ್ತದೆ. ಕೇಳು ಅವಳ್ನೇ."

ಅಪ್ಪ ಅಕ್ಕನ ಕಡೆ ತಿರುಗಿದ. ಅವಳು ಎರಡು ದಿನ ಮೊದಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಿದ್ದಳು. 

"ಹೋಗಿದ್ದೇನವ್ವ?"

"ಹೋಗಿದ್ದೆ."

"ಯಾಕೆ?"

 ನಾನು ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಈಗ ಅನ್ನಿಸುತ್ತದೆ. ನಾನು ಬಾಗಿಲ ಚಿಲಕದ ಜೊತೆ ಆಡುತ್ತಾ ನೆಲ ನೋಡಿದೆ.

"ಕರ ಅಳ್ತಿತ್ತು" ಎಂದಳು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೆಲ್ಲಗೆ, ಬೇರೆಯವರ ಮಗಳಿಗೆ ಹೇಳುವ ಹಾಗೆ, "ಇನ್ಮೇಕೆ ಕೊಟ್ಟಿಗೆಗೆ ಕಾಲಿಡಬ್ಯಾಡ" ಎಂದ.  ನನಗೆ ಗೊತ್ತಿತ್ತು, ಬಾಲ ಕೊಳೆತದ್ದು ಯಾಕೆ ಎಂದು. ಆದರೂ ಅಲ್ಲಿ ನಿಂತಿದ್ದಾಗ ದೊಡ್ಡವ್ವ ಹೇಳಿದ್ದೂ ನಿಜ ಇರಬಹುದಲ್ಲ ಅನ್ನಿಸಿತು. ಅನ್ನಿಸಲಿಲ್ಲ, ಅನ್ನಿಸಿಕೊಂಡೆ. ಹಾಗೆ ನಂಬಿದರೆ ನನ್ನ ಮೈ ಹಗುರಾಗುತ್ತಿತ್ತು.

ಕೆಲವು ದಿನಗಳಲ್ಲಿ ಬಾಲದ ಕಪ್ಪು ತುದಿ ಕುಚ್ಚಿನ ಸಮೇತ ಉದುರಿತು. ಗಾಯಕ್ಕೆ ಅವ್ವ ಬೇವಿನೆಣ್ಣೆ, ಅರಿಸಿನ ಹಚ್ಚಿದಳು. ಸುಳಿತಾತ ಬಂದವರು ಅಂಗಳದಿಂದಲೇ ಮೋಟುಬಾಲ ನೋಡಿ ಬೇಡವೆಂದು ಕೈಯಾಡಿಸಿ ಹೋದರು. ಮುಂದಿನ ಸಂತೆಯ ದಿನ ಕುಚ್ಚಿಯನ್ನು ಕೊಂಡು ಹೊಡೆದುಕೊಂಡು ಹೋಗಲು ದೂರದ ಊರಿನವರೊಬ್ಬರು ಬಂದರು. ಕುಚ್ಚು ಇಲ್ಲದ ಬಾಲ ಬೆನ್ನಿಗೆ ಮುಟ್ಟುವುದಿಲ್ಲ. ಕರು ಬಾಲ ಬೀಸುತ್ತಿತ್ತು, ನೊಣ ಕೂತಲ್ಲೇ ಕೂತಿರುತ್ತಿದ್ದವು. ಅಕ್ಕ ಹೊಂಗೆಯ ಒಂದು ಸೊಪ್ಪಿನ ಕೊಂಬೆ ಮುರಿದುಕೊಂಡು, ಅದರ ಬೆನ್ನಿನ ಮೇಲಿನ ನೊಣ ಓಡಿಸುತ್ತಾ, ಊರ ಹೊರಗಿನ ರಸ್ತೆಯವರೆಗೂ ಜೊತೆಗೆ ನಡೆದಳು. ಅಲ್ಲಿ ಆ ಕೊಂಬೆಯನ್ನು ಅವರ ಕೈಗೆ ಕೊಟ್ಟು ಬಂದಳು. ಅತ್ತಿರಲಿಲ್ಲ. ನಾನು ಕುರಿಯ ರೊಪ್ಪದ ಹಿಂದೆ ಅಡಗಿ ನೋಡುತ್ತಿದ್ದೆ.

ಆಮೇಲೆ ಮದುವೆಯವರೆಗೆ ನಾಲ್ಕು ವರ್ಷ ಅಕ್ಕ ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ಹುಲ್ಲು ಕೊಯ್ದು ತಂದು ಬಾಗಿಲಲ್ಲಿ ಇಡುತ್ತಿದ್ದಳು, ನಾನು ಒಳಗೆ ಹಾಕುತ್ತಿದ್ದೆ. ಅವಳ ಮಾತಿಲ್ಲದೆ ಕೊಟ್ಟಿಗೆ ಬರೀ ಕೊಟ್ಟಿಗೆಯಾಯಿತು. ಸೋಲೂರಿನ ಕಡೆಗೆ ಅವಳು ಮದುವೆಯಾಗಿ ಹೋದಾಗ ಜೊತೆಗೆ ಒಂದು ಟ್ರಂಕು ಹೋಯಿತು, ಹಸು ಹೋಗಲಿಲ್ಲ.

ಮೊಮ್ಮಕ್ಕಳಿಗೆ ಇಷ್ಟು ಹೇಳಿ ಮುಗಿಸಿದಾಗ ಮೊಮ್ಮಗ ಮಂಚದ ಕೆಳಗಿನಿಂದ ಮರಿಯನ್ನು ಎತ್ತಿಕೊಂಡು ಕೂತಿದ್ದ. ಮೊಮ್ಮಗಳು ಪೆನ್ನಿನ ಮುಚ್ಚಳ ಕಚ್ಚುತ್ತಾ ಯೋಚಿಸುತ್ತಿದ್ದಳು.

"ತಾತ, ಹುರಿ ನೆನೆದು ಬಿಗಿಯಾಗಿತ್ತು ಅಂದೆ. ನಿಮ್ಮಪ್ಪನ ಕೈಲೇ ಬಿಚ್ಚಕ್ಕೆ ಆಗ್ಲಿಲ್ಲ ಅಂದೆ. ಹಂಗಾದ್ರೆ ಕುಚ್ಚಿ ಬಾಲದಿಂದ ತಾನೇ ಹೆಂಗ್ ಬಿದ್ದೋಯ್ತು?"

  ಐವತ್ತು ವರ್ಷಕ್ಕೂ ಮೇಲೆ ಆ ಬಾಲವನ್ನು ನೆನೆದು ಸಂಕಟಪಟ್ಟವನು, ಈ ಒಂದು ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದ ಹಾಗೆ ನೋಡಿಕೊಂಡಿದ್ದೆ.

ಆ ವಾರವೆಲ್ಲ ನನಗೆ ಮತ್ತೆ ದಿಬ್ಬದ ಮೇಲಿನ ಅದೇ ಚಡಪಡಿಕೆ. ಟೀ ಲೋಟ ಹಿಡಿದು ಗೇಟಿನವರೆಗೆ ಹೋಗುವುದು, ಕುಡಿಯದೆ ತಿರುಗಿ ಬರುವುದು. ಶನಿವಾರ ಮೊಮ್ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ರಾಮನಗರದಲ್ಲಿ ಒಂದು ಬಸ್ಸು, ಮಾಗಡಿಯಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ. ಇಳಿದಾಗ ಒಂದೂ ನೆನಪಿರಲಿಲ್ಲ.

ಅಕ್ಕ ಕೊಟ್ಟಿಗೆಯಲ್ಲಿದ್ದಳು. ಅವಳಿಗೆ ಈಗ ಎಪ್ಪತ್ತು ದಾಟಿದೆ. ಆದರೂ ಡೇರಿಗೆ ಹಾಕುವ ಹಾಲನ್ನು ಅವಳೇ ಕರೆಯುತ್ತಾಳೆ. ತಗಡಿನ ಶೆಡ್ಡು, ಫ್ಯಾನು, ನಾಲ್ಕು ಹಸು. ನಾನು ಕೂರಲೂ ಇಲ್ಲ, ಬಾಗಿಲಲ್ಲಿ ನಿಂತೇ ಕೇಳಿದೆ.

"ಅಕ್ಕ, ಕುಚ್ಚಿ ಬಾಲದ ಹುರಿ ಬಿಚ್ಚಿದ್ದು ಯಾರು?"

ಹಾಲು ಬಕೆಟ್ಟಿಗೆ ಬೀಳುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಬಿಚ್ಚಕ್ಕೆಲ್ಲಾಯ್ತು. ಕುಡುಗೋಲಲ್ಲಿ ಕುಯ್ದೆ. ಮೂರ್ನೇ ದಿನ ಕರ ಒಂದೇ ಸಮ ಕೂಗ್ತಿತ್ತು, ಅವ್ವ ಇರ್ಲಿಲ್ಲ. ಒಳೀಕ್ಕೋದ್ರೆ ಗಂಟಿನ್ ಮೇಲ್ ಗಂಟು. ಹಂಗ್ ಗಂಟಾಕೋನು ನಮ್ಮನೇಲಿ ಇನ್ಯಾರಿದ್ರು? ದಬ್ಬೆ, ಹುರಿ ಎಲ್ಲಾ ತಿಪ್ಪೇಲಿ ಹೂತಾಕ್ದೆ. ಅಪ್ಪ ಕಂಡಿದ್ರೆ ನಿನ್ ಬೆನ್ನು ಬುಡ್ತಿತ್ತಾ?"

"ಯಾಕ್ ಹೇಳ್ಲಿಲ್ಲ ನೀನು?"

"ನೀನೇ ಹೇಳ್ತೀಯ ಅಂದ್ಕಂಡೆ ಕಣೋ. ಇವತ್ತೇಳ್ತಾನೆ, ನಾಳೆ ಹೇಳ್ತಾನೆ ಅಂತ ನೋಡ್ದೆ. ಆಮೇಕೆ ಮದ್ವೆಯಾಯ್ತು."

ನಾನು ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡದ್ದರಲ್ಲಿ ಉಳಿದಿದ್ದು ಅದೊಂದೇ. ಅಕ್ಕ ಹಸುವಿನ ಹೊಟ್ಟೆಗೆ ಹಣೆ ಒರಗಿಸಿಕೊಂಡೇ ಹೇಳಿದಳು: "ಬಾಲ ಹೋಗಿದ್ಕೆ ಬೇಜಾರಿಲ್ಲ. ಚಿಕ್ಕೋನು, ಒಳ್ಳೇದಾಗ್ಲಿ ಅಂತ ಮಾಡ್ದೆ. ನಾನ್ ಮುಟ್ಟಿದ್ಕೇ ಹೋಯ್ತು ಅಂತ ನೀನೂ ನಂಬ್ದೋನಂಗೆ ನಿಂತಿದ್ದೆಲ್ಲ, ಅದು ಮಾತ್ರ ಹೋಗ್ಲಿಲ್ಲ ನೋಡು ಮನಸ್ಸಿಂದ."

 ನನ್ನ ಹಿಂದೆ ನಿಂತಿದ್ದ ಮೊಮ್ಮಗಳನ್ನು ಅವಳು ಕೈಬೀಸಿ ಕರೆದಳು. "ಬಾರವ್ವ ಒಳೀಕೆ, ಹಸು ಒದಿಯಲ್ಲ. ನನ್ ಕೊಟ್ಟಿಗೇಲಿ ಹೆಣ್ಮಕ್ಳು ಹೊರಗಿರೋ ದಿನ ಅಂತ ಒಂದೂ ಇಲ್ಲ. ಸೊಸೆ, ಮೊಮ್ಮಕ್ಳು ಎಲ್ಲಾ ದಿನಾನೂ ಬತ್ತಾರೆ. ಇವತ್ತಿನವರ್ಗೂ ಒಂದ್ ಬಾಲಾನೂ ಉದುರಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀನೇನ್ ಕಂಬದಂಗ್ ನಿಂತಿದ್ದೀಯ? ಆ ಹುಲ್ ಹೊರೆ ತಂದಾಕು" ಎಂದಳು. ನಾನು ಹುಲ್ಲು ತಂದು ಹಾಕಿದೆ. ಹಿಂದಿನ ಹಾಗೆಯೇ. ಈ ಸಲ ಅಕ್ಕ ಒಳಗಿದ್ದಳು.

ನಿಮ್ಮ ಕಾಲ ಬೇರೆ ಮಕ್ಕಳೇ. ಬಾಲ ಸೊಟ್ಟಗಿದ್ದರೆ ನೀವು ಡಾಕ್ಟರ ಹತ್ತಿರ ಓಡುತ್ತೀರಿ, ಅವರು ಇರಲಿ ಬಿಡಿ ಎನ್ನುತ್ತಾರೆ. ನನ್ನ ಮೊಮ್ಮಗಳಿಗೆ ಜಗಲಿಯ ಮೂಲೆಯ ಚಾಪೆ ಗೊತ್ತಿಲ್ಲ. ತಿಂಗಳ ಆ ದಿನಗಳಲ್ಲೂ ಅವಳು ಸ್ಕೂಲಿಗೆ ಹೋಗಿ ಖೋ ಖೋ ಆಡಿ ಬರುತ್ತಾಳೆ, ಬೆಕ್ಕಿನ ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರೆಯುತ್ತಾಳೆ. ಅಕ್ಕ ಹೀಗೆ ಬೆಳೆದಿದ್ದರೆ ಎಂದು ನಾನು ನೋಡುತ್ತಾ ಕೂರುತ್ತೇನೆ.

ಸೋಲೂರಿನಿಂದ ಬಂದ ಸಂಜೆ ಮೊಮ್ಮಗ ನನ್ನ ಹತ್ತಿರ ಬಂದು ನಿಂತ. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜುತ್ತಿದ್ದ.

"ತಾತ, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ. ನೀನು ಕೂಗಿದೆಯಲ್ಲ, ಅದರ ಹಿಂದಿನ ದಿನಾನೇ ನಾನು ಒಂದ್ಸಲ ಟೇಪ್ ಸುತ್ತಿದ್ದೆ. ಕಿತ್ತಾಗ ಕೂದಲು ಬಂದ್ಬಿಡ್ತು. ಯಾರಿಗೂ ಹೇಳಿಲ್ಲ."

ಅವನಿಗೆ ಒಂದು ವಾರ ಹಿಡಿಯಿತು. ನಾನು ಬೈಯಲಿಲ್ಲ. ಮರಿಯನ್ನು ತಾ ಎಂದೆ. ಅದು ಮನೆಗೆ ಬಂದು ಇಷ್ಟು ದಿನವಾಗಿದ್ದರೂ ಅದರ ಬಾಲವನ್ನು ನಾನು ಮುಟ್ಟಿರಲಿಲ್ಲ. ಅಂದು ಮೊದಲ ಸಲ, ಕೂದಲು ಹೋದ ಜಾಗದಿಂದ ಕೊಕ್ಕೆಯ ತುದಿಯವರೆಗೆ ಬೆರಳಿಟ್ಟು ನೋಡಿದೆ.

ಬೆಚ್ಚಗಿತ್ತು.